ಛೇದ

ಬ್ಲಾಕ್ ಆಫೀಸಿಂದ ಒಂದು ನಮೂನೆ ಬಂದೈತಿ. ಕಾಲಂ ಹನ್ನೊಂದು:
‘ಪ್ರತಿ ವಿದ್ಯಾರ್ಥಿಗೆ ತಗಲುವ ಮಾಸಿಕ ವೆಚ್ಚ’.
ಕರಿಹಲಗಿ ಮ್ಯಾಲನ ಲೆಕ್ಕ ಹಾಕಿದೆ.
ನನ್ನ ಪಗಾರ ಐವತ್ತಾರು ಸಾವಿರ ಮ್ಯಾಲ,
ನಡುವ ಅಡ್ಡಗೆರಿ,
ಕೆಳಗ ಹದಿನಾಲ್ಕು ಮಕ್ಕಳು.
ತಲಿಗೆ ನಾಲ್ಕು ಸಾವಿರ. ಚೊಕ್ಕ ಭಾಗ ಹೋತು.
ಸುಣ್ಣದಕಡ್ಡಿ, ತತ್ತಿ, ಮಾಬುಬಿಯ ಗೌರವಧನ
ಸೇರಿಸಲಿಲ್ಲ. ಸೇರಿಸಿದರೂ ಹಲಗಿಗೆ ಗೊತ್ತಾಗದಷ್ಟು ಸಣ್ಣವು.

ಐದನೇತ್ತೆ ಮಕ್ಕಳು ಅದನ್ನಽ ಪಾಠ ಅಂತ ಬರಕೊಂಡವು.
ಮ್ಯಾಲಿಂದು ಅಂಶ, ಕೆಳಗಿಂದು ಛೇದ.
‘ಛೇದ ಅಂದರ ಏನ್ರಿ ಅಕ್ಕೋರ?’
ಎಷ್ಟು ಪಾಲು ಮಾಡೀವಿ ಅನ್ನೂದು, ಅಂದೆ.
ಕೊಯ್ಯೂದು ಅನ್ನೂ ಅರ್ಥನೂ ಐತಿ.
ಅದನ್ನ ಹೇಳಲಿಲ್ಲ.

ಸೋಮವಾರ ಫಕ್ಕೀರೇಶ ಬರಲಿಲ್ಲ.
ಏಳೂ ನಲವತ್ತಕ್ಕ ಹನಮಪ್ಪನ ಗುಡಿ ಮುಂದ
ಹಳದಿ ವ್ಯಾನು ನಿಂತಾಗ ಟೈ ಕಟಗೊಂಡು ಹತ್ತಿದ್ನಂತ.
ಟೈ ಮೊಣಕಾಲಿಗೆ ಬರೂವಂಗಿತ್ತು, ಅಂತ ಮಾಬುಬಿ ನಕ್ಕಳು,
ನಕ್ಕು, ಅನ್ನದ ಅಕ್ಕಿಯಿಂದ ಒಂದು ಹಿಡಿ ತಗದು ತಿರುಗಿ ಚೀಲಕ್ಕ ಹಾಕಿದಳು.

ಅವರವ್ವ ಶಾಂತವ್ವ ಬ್ಯಾಡಗಿ ಪ್ಯಾಟ್ಯಾಗ
ಮೆಣಸಿನಕಾಯಿ ತೊಟ್ಟು ಬಿಡಸ್ತಾಳ, ಕಿಲೋ ಲೆಕ್ಕ.
ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರ ದಲಾಲರು.
ಆಕಿ ಕಣ್ಣಿಗೆ ಆ ಸುದ್ದಿ ಮುಟ್ಟಿಲ್ಲ.
ಎಷ್ಟು ಕಿಲೋಕ್ಕ ಒಂದು ಟೈ,
ಎಷ್ಟು ಚೀಲಕ್ಕ ಒಂದು ಟರ್ಮು,
ಪೆನ್ನು ಹಿಡೀದನ ಹೇಳ್ತಾಳ.
ಕೇಳೇಬಿಟ್ಟೆ: ನಮ್ಮ ಸಾಲ್ಯಾಗ ಏನ್ ಕಡಿಮಿ ಆಗಿತ್ತು?
ಕೈ ನಿಲ್ಲಿಸಲಿಲ್ಲ ಆಕಿ.
‘ಪುಗಸಟ್ಟೆ ಐತಲ್ರಿ. ಅದಽ ಕಡಿಮಿ.’
ಒಂದು ಬುಟ್ಟಿ ತುಂಬಿದ ಮ್ಯಾಲ, ಮೆತ್ತಗ:
‘ನಿಮ್ಮ ಮಗಳು ಯಾವ ಸಾಲಿಗೆ ಹೋಗ್ತಾಳ್ರಿ?’

ಹಾವೇರ್ಯಾಗ. ಅಂಥಾದಽ ವ್ಯಾನು, ಅದಽ ಹಳದಿ.
ಸರಕಾರ ನನಗ ಕೊಟ್ಟದ್ದರಾಗಿಂದು ಒಂದು ಪಾಲು
ತಿಂಗಳಾ ಐದನೇ ತಾರೀಖಿಗೆ
ನಾ ಅವರಿಗೆ ಕಟ್ಟಿ ಬರ್ತೀನಿ.
ಇದಕ್ಕ ನಮೂನ್ಯಾಗ ಕಾಲಂ ಇಲ್ಲ.

ಹದಿಮೂರಕ್ಕ ಮತ್ತ ಭಾಗಿಸಿದೆ.
ನಾಲ್ಕು ಸಾವಿರದ ಮುನ್ನೂರ ಏಳು. ಶೇಷ ಒಂಬತ್ತು.
ಒಬ್ಬಾಂವ ಹೋದ, ಉಳಿದವರು ತುಟ್ಟಿ ಆದರು.
ಕಾವೇರಿ ಲಮಾಣಿ ಕೂತಲ್ಲೆ ಕೂತು
ಮುನ್ನೂರ ಏಳು ರೂಪಾಯಿ ತುಟ್ಟಿ ಆದಳು,
ಪೆನ್ಸಿಲ್ಲಿನ ಹಿಂದಿನ ರಬ್ಬರ ಕಚ್ಚಿಕೋತ.
ಹಿಂಗ ತುಟ್ಟಿ ಆದದ್ದನ್ನ ಯಾರು ಇಟ್ಟುಕೋತಾರ?
ಮೋಟೆಬೆನ್ನೂರಿನ ದೊಡ್ಡ ಸಾಲಿಗೆ ಕೂಡಿಸೂದು ಅಂತ ಮಾತು ನಡದೈತಿ.
ಸಾಹೇಬರು ಕೆಟ್ಟವರಲ್ಲ.
ಅಲ್ಲೆ ಕಂಪ್ಯೂಟರ್ ಅದಾವು, ಪಾಯಖಾನಿಗೆ ಬಾಗಲ ಐತಿ,
ಕನ್ನಡಕ್ಕೊಬ್ಬರು ಗಣಿತಕ್ಕೊಬ್ಬರು ಅದಾರ. ಸುಳ್ಳಲ್ಲ ಒಂದೂ.
ಇಲ್ಲೆ ಐದೂ ಇಯತ್ತೆಗೆ ನಾ ಒಬ್ಬಾಕಿ,
ಒಂದನೇತ್ತೆಯವರಿಗೆ ಅಕ್ಷರ ತಿದ್ದಸೂವಾಗ
ನಾಲ್ಕನೇತ್ತೆಯವರು ಕಿಡಕ್ಯಾಗಿಂದ ಎಮ್ಮಿ ಎಣಸ್ತಾರ.
ಆದರ ನಮಗೂ ಆ ಸಾಲಿಗೂ ನಡುವ ಹೈವೇ,
ಹುಬ್ಬಳ್ಳಿ ಲಾರಿಗಳು ಓಡೂ ಉದ್ದಾನ ಅಡ್ಡಗೆರಿ.
ದಾಟಸವರ ಪಗಾರ ಯಾವ ಲೆಕ್ಕದಾಗ ಹಿಡೀಲಿ ಸಾಹೇಬರ
ಅಂದರ, ‘ನೋಡೂಣ್ರಿ ಮೇಡಂ’ ಅಂದರು. ನೋಡಿದ್ದು ಗಡಿಯಾರ.

ಮಧ್ಯಾಹ್ನ ಕಾವೇರಿ ಕಣ್ಣು ಒರಸ್ಕೊಂಡಳು, ಒರಸ್ಕೊಂಡಷ್ಟೂ ಹರೀತು.
ಯಾಕವಾ ಅಳ್ತಿ?
‘ಅಳು ಅಲ್ರಿ ಅಕ್ಕೋರ, ಖಾರ.’
ರಾತ್ರಿ ಅವ್ವನ ಜೋಡಿ ಎರಡು ಕಿಲೋ ಬಿಡಿಸಿದ್ಲಂತ.
ಕೈ ಕೊಬ್ಬರೆಣ್ಣಿ ಹಚ್ಚಿ ತೊಳಸಿದೆ,
ಎಣ್ಣಿ ನನ್ನ ಡಬ್ಬ್ಯಾಗಿಂದು.

ಕಣ್ಣು ಕೆಂಪಾಗಿದ್ದಂಗನ ಹಲಗಿ ನೋಡಿ ಕೇಳಿದ್ಲು:
‘ಕೆಳಗ ಸೊನ್ನಿ ಬಂದರ?’
ಹಂಗ ಬರಿಯಾಕ ಬರಂಗಿಲ್ಲ, ಪುಸ್ತಕದಾಗ ಐತಿ, ಅಂದೆ.
ಆಕಿ ನಂಬಿದ್ಲು.

ನಮೂನೆ ನಾಳೆ ಸಂಜಿಕ ಕೊಡಬೇಕು.
ಕಾಲಂ ಹನ್ನೊಂದು ಬಿಟ್ಟು ಎಲ್ಲಾ ಪೆನ್ನಿಲೆ ತುಂಬೀನಿ.
ಹನ್ನೊಂದು ಪೆನ್ಸಿಲ್‌ಲೆ.
ಮುಂಜಾನೆ ಏಳೂ ನಲವತ್ತು ಆಗಲಿ.